ಹೋದ ಊರಿಗೇ ಮತ್ತೆ ಹೋಗಿ: ಸಣ್ಣ ತಿರುಗಾಟದ ತಂಡಗಳು ಪ್ರೇಕ್ಷಕರ ನಂಟು ಬೆಳೆಸುವ ಬಗೆ

ಹತ್ತು ಹನ್ನೆರಡು ಜನರ ತಂಡ ಕಟ್ಟಿಕೊಂಡು, ರಂಗಪರಿಕರಗಳನ್ನೆಲ್ಲ ಒಂದು ಟೆಂಪೋದಲ್ಲಿ ತುಂಬಿಕೊಂಡು ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ನಾಟಕವಾಡಲು ಹೊರಡುವವರು ಮೊದಲು ಕೇಳುವುದು ಪ್ರಚಾರ ಹೇಗೆ ಮಾಡಬೇಕು ಎಂದು. ಪ್ರಚಾರದಿಂದ ಒಂದು ರಾತ್ರಿಗೆ ಜನ ಸೇರಿಯಾರು. ಆದರೆ ಮುಂದಿನ ವರ್ಷ ಅದೇ ಜನ ತಾವಾಗಿಯೇ ಫೋನ್ ಮಾಡಿ "ಈ ಸಲ ಯಾವ ನಾಟಕ ತರುತ್ತೀರಿ" ಎಂದು ಕೇಳಬೇಕಾದರೆ ಬೇರೆಯೇ ಸಿದ್ಧತೆ ಬೇಕಾಗುತ್ತದೆ. ಈ ಸಿದ್ಧತೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಪ್ರತಿವರ್ಷ ಹೊಸ ಹೊಸ ಊರುಗಳ ಪಟ್ಟಿ ಬೆಳೆಸುವ ಆಸೆಯನ್ನು ಬಿಟ್ಟು, ಹತ್ತೋ ಹದಿನೈದೋ ಊರುಗಳನ್ನು ಆರಿಸಿಕೊಂಡು ಅವುಗಳಿಗೇ ಮತ್ತೆ ಮತ್ತೆ ಹೋಗುವ ತೀರ್ಮಾನ.

ಇದಕ್ಕೆ ನಮ್ಮ ರಂಗಭೂಮಿಯ ಚರಿತ್ರೆಯಲ್ಲಿಯೇ ಕಾರಣವಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂತಹ ವೃತ್ತಿ ತಂಡಗಳು ಒಂದು ಊರಿನಲ್ಲಿ ಕ್ಯಾಂಪ್ ಹಾಕಿದರೆ ಬಹಳ ದಿನ ಅಲ್ಲೇ ನಿಲ್ಲುತ್ತಿದ್ದವು. ರಾತ್ರಿ ರಾಜನಾದವನು ಬೆಳಿಗ್ಗೆ ಸಂತೆಯಲ್ಲಿ ಬದನೆಕಾಯಿ ಆರಿಸುವುದನ್ನು ಊರವರು ನೋಡುತ್ತಿದ್ದರು, ಪರಿಚಯ ತಾನಾಗಿಯೇ ಬೆಳೆಯುತ್ತಿತ್ತು. 1985ರಲ್ಲಿ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ಸಂಚಾರಿ ತಂಡ ‘ತಿರುಗಾಟ’ ಆರಂಭವಾದ ಮೇಲೆ ಬೇರೊಂದು ಕ್ರಮ ಬಲವಾಯಿತು: ತಂಡ ಊರಿಗೆ ಬಂದು, ಆಡಿ, ಮುಂದಿನ ಊರಿಗೆ ಹೊರಡುತ್ತದೆ, ಸ್ಥಳೀಯ ವ್ಯವಸ್ಥೆಯನ್ನು ಊರಿನ ಆಯೋಜಕರು ನೋಡಿಕೊಳ್ಳುತ್ತಾರೆ. ಇಂದಿನ ಸಣ್ಣ ತಂಡಗಳೆಲ್ಲ ಈ ಎರಡನೆಯ ಕ್ರಮದವು. ಕಂಪನಿಯವರಿಗೆ ಒಂದೇ ಕ್ಯಾಂಪಿನಲ್ಲಿ ದೊರಕುತ್ತಿದ್ದ ಪರಿಚಯವನ್ನು ನಾವು ನಾಲ್ಕು ವರ್ಷಗಳ ಭೇಟಿಯಲ್ಲಿ ಕಂತು ಕಂತಾಗಿ ಗಳಿಸಬೇಕಾಗುತ್ತದೆ.

ಊರಿನಲ್ಲಿ ಯಾರನ್ನು ಹಿಡಿಯಬೇಕು

ಊರಿನ ಆಯೋಜಕರ ಆಯ್ಕೆಯಲ್ಲಿ ಅವಸರ ಕೂಡದು. ಮಂಡ್ಯ ಸೀಮೆಯ ಬಹುತೇಕ ಹಳ್ಳಿಗಳಲ್ಲಿ ಪಂಚಾಯ್ತಿ ಚುನಾವಣೆಯ ಲೆಕ್ಕದಲ್ಲಿ ಎರಡು ಗುಂಪುಗಳಿರುತ್ತವೆ. ಒಂದು ಗುಂಪಿನವರು ಮಾತ್ರ ಕರೆಸಿದ ನಾಟಕಕ್ಕೆ ಇನ್ನೊಂದು ಬೀದಿಯವರು ಬರುವುದಿಲ್ಲ. ಹಾಗಾಗಿ ಒಬ್ಬರ ಬದಲು ಮೂವರನ್ನು ಸೇರಿಸಿಕೊಳ್ಳುವುದು ಒಳ್ಳೆಯದು: ಶಾಲೆಯ ಮೇಷ್ಟ್ರು ಅಥವಾ ಹಾಲಿನ ಡೇರಿಯ ಕಾರ್ಯದರ್ಶಿಯಂತೆ ಎರಡೂ ಕಡೆಯವರೊಂದಿಗೆ ದಿನಾ ವ್ಯವಹಾರವಿರುವ ಒಬ್ಬರು, ಸ್ತ್ರೀಶಕ್ತಿ ಅಥವಾ ಸ್ವಸಹಾಯ ಸಂಘದ ಒಬ್ಬ ಹೆಣ್ಣುಮಗಳು, ಮತ್ತು ಊರಿನಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು.

ಹಾರ್ಮೋನಿಯಂ ಮೇಷ್ಟ್ರನ್ನು ಮರೆಯುವ ತಂಡಗಳೇ ಹೆಚ್ಚು. ಈ ಭಾಗದ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕವಾಡದ ಊರನ್ನು ಹುಡುಕಬೇಕು. ಕಬ್ಬು ಕಡಿದು ಬಂದವರು ತಿಂಗಳುಗಟ್ಟಲೆ ಸಂಜೆಯ ಹೊತ್ತು ಕಂದಪದ್ಯ ಕಲಿತು, ಕೈಯಿಂದ ಹಣ ಹಾಕಿ ಸೀನರಿ, ವೇಷಭೂಷಣಗಳನ್ನು ಬಾಡಿಗೆಗೆ ತರಿಸಿ, ಭೀಮನೋ ದುರ್ಯೋಧನನೋ ಆಗಿ ರಾತ್ರಿಯಿಡೀ ಆಡುತ್ತಾರೆ. ನಿಮ್ಮ ಮುಂದೆ ಟವೆಲ್ ಹೊದ್ದು ಕುಳಿತಿರುವ ಹಿರಿಯರು ಒಂದು ಕಾಲದಲ್ಲಿ ಶಕುನಿ ಮಾಡಿದವರಾಗಿರಬಹುದು. ಶ್ರುತಿ ತಪ್ಪಿದರೆ ಮೊದಲು ಅವರಿಗೇ ಗೊತ್ತಾಗುತ್ತದೆ. ಇಂತಹವರ ಮುಂದೆ "ನಾವು ಹಳ್ಳಿಗೆ ರಂಗಭೂಮಿ ತಂದಿದ್ದೇವೆ" ಎಂಬ ಧಾಟಿಯಲ್ಲಿ ಮಾತನಾಡಿದರೆ ಅಲ್ಲಿಗೆ ನಂಟು ಮುಗಿಯಿತು. ಅದರ ಬದಲು, ಆಟಕ್ಕೆ ಮುಂಚೆ ಆ ಊರಿನ ಮೇಷ್ಟ್ರಿಂದಲೇ ಒಂದು ಪ್ರಾರ್ಥನೆಯನ್ನೋ ರಂಗಗೀತೆಯನ್ನೋ ಹಾಡಿಸಿ. ಊರಿನ ರಂಗಮಂಚಕ್ಕೆ ನೀವು ಅತಿಥಿಗಳಾಗಿ ಬಂದಿದ್ದೀರೆಂದು ಆಗ ಯಾರೂ ಹೇಳದೆಯೇ ತಿಳಿಯುತ್ತದೆ.

ದಿನ, ಹೊತ್ತು, ಕರೆಂಟು

ದಿನ ಗೊತ್ತುಮಾಡುವಾಗ ರಂಗಮಂದಿರದ ಕ್ಯಾಲೆಂಡರಿಗಿಂತ ಊರಿನ ಬೇಸಾಯದ ಲೆಕ್ಕವೇ ಮುಖ್ಯ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ನಾಟಿ ಶುರುವಾದಾಗ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ನೀರಾವರಿ ಊರುಗಳಲ್ಲಿ ರಾತ್ರಿ ಎಂಟಕ್ಕೆ ಎಲ್ಲರೂ ನಿದ್ದೆಗೆ ಬಿದ್ದಿರುತ್ತಾರೆ. ಮಳೆಯನ್ನೇ ನಂಬಿರುವ ನಾಗಮಂಗಲದ ಊರುಗಳಲ್ಲಿ ರಾಗಿಯ ಕೊಯ್ಲು, ಒಕ್ಕಣೆ ಮುಗಿಯುವ ತನಕ ಹೋಗುವುದು ವ್ಯರ್ಥ. ದಸರಾದಲ್ಲಿ ಮೈಸೂರಿನ ಸುತ್ತಲಿನವರ ಕಣ್ಣೆಲ್ಲ ನಗರದ ಕಡೆಗೆ, ವೈರಮುಡಿ ಉತ್ಸವದ ಹೊತ್ತಿನಲ್ಲಿ ಪಾಂಡವಪುರದವರದು ಮೇಲುಕೋಟೆಯ ಕಡೆಗೆ. ಮಾರ್ಚಿನಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಬಂದರೆ ಮೈಕಿನ ಸದ್ದಿಗೆ ತಾಯಂದಿರೇ ಮೊದಲು ಬೇಡವೆನ್ನುತ್ತಾರೆ. ಯುಗಾದಿಯ ಮರುದಿನ ಮನೆಮನೆಯಲ್ಲೂ ಮಾಂಸದೂಟವಿರುವ ಹೊಸತೊಡಕಿನಂದು ನಾಟಕ ಇಟ್ಟುಕೊಳ್ಳುವ ಸಾಹಸಕ್ಕೆ ನಾನಂತೂ ಸಲಹೆ ಕೊಡಲಾರೆ. ಎಲ್ಲವನ್ನೂ ಕಳೆದರೆ ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ವಾರಗಳೇ ಅತ್ಯುತ್ತಮ ಕಾಲ; ಕೈಯಲ್ಲಿ ಸ್ವಲ್ಪ ಹಣವೂ ಮನಸ್ಸಿಗೆ ಬಿಡುವೂ ಇರುವ ದಿನಗಳವು.

ಹೊತ್ತಿನ ವಿಷಯವನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ. ಸಂಜೆ ಹಾಲು ಕರೆದು ಡೇರಿಗೆ ಹಾಕಿ, ಮನೆಯ ಅಡುಗೆ ಮುಗಿಯುವ ತನಕ ಹೆಂಗಸರು ಹೊರಬರಲಾರರು. ಇತ್ತ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದಾದರೆ, 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದಕ್ಕೆ ಅವಕಾಶವಿಲ್ಲ. ಹೀಗಾಗಿ ನಿಮಗೆ ದೊರಕುವುದು ಏಳೂವರೆಯಿಂದ ಹತ್ತರವರೆಗಿನ ಹೊತ್ತು ಮಾತ್ರ, ಅದರಲ್ಲಿ ಮಾತುಕತೆಗೂ ಅರ್ಧ ಗಂಟೆ ಉಳಿಯಬೇಕು. ಎರಡು ಗಂಟೆಗಿಂತ ಉದ್ದದ ನಾಟಕವನ್ನು ತಿರುಗಾಟಕ್ಕೆ ಆರಿಸುವ ಮುಂಚೆ ಈ ಲೆಕ್ಕ ಹಾಕಿಕೊಳ್ಳಿ. ಪೊಲೀಸ್ ಠಾಣೆಯ ಅನುಮತಿಗೆ ಅರ್ಜಿಯನ್ನು ಊರಿನವರ ಕೈಯಲ್ಲೇ, ಸಾಕಷ್ಟು ಮುಂಚಿತವಾಗಿ ಕೊಡಿಸಬೇಕು.

ಕರೆಂಟಿನ ಬಗ್ಗೆ ಒಂದೇ ಮಾತು. ಒಂದು ಸಾವಿರ ವ್ಯಾಟಿನ ಎಂಟು ಹಳೆಯ ಪಾರ್ (ರಂಗದ ಮೇಲೆ ಬೆಳಕು ಬಿಡುವ) ದೀಪಗಳು ಒಟ್ಟಿಗೆ ಉರಿದರೆ ಸುಮಾರು 35 ಆಂಪಿಯರ್ ಎಳೆಯುತ್ತವೆ, ದೇವಸ್ಥಾನದ ಮೀಟರಿನಿಂದ ಎಳೆದ ವೈರು ಅದನ್ನು ತಾಳುವುದಿಲ್ಲ. ಎಲ್‌ಇಡಿ ದೀಪಗಳನ್ನು ತನ್ನಿ, ಇಲ್ಲವೇ ಜನರೇಟರ್ ಬಾಡಿಗೆಯನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಊರಿನ ಲೈನ್‌ಮನ್ ಅವರನ್ನು ಮನೆಯವರೊಂದಿಗೆ ನಾಟಕಕ್ಕೆ ಕರೆಯುವುದೂ ಒಳ್ಳೆಯ ಉಪಾಯ.

ಕರೆಯುವ ರೀತಿ

ಊರಿನಲ್ಲಿ ಬ್ಯಾನರ್ ಕಟ್ಟುವುದಾದರೆ ಬಟ್ಟೆಯದನ್ನೇ ಬರೆಸಿ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಆದರೆ ಬ್ಯಾನರ್ ನೋಡಿ ಬರುವವರು ಕಡಿಮೆ. ಹಿಂದಿನ ಸಂಜೆಯೇ ಇಬ್ಬರು ನಟರು ಹಾಲಿನ ಡೇರಿಯ ಮುಂದೆ ಹೋಗಿ ನಿಲ್ಲುವುದು ಇದಕ್ಕಿಂತ ಎಷ್ಟೋ ಮೇಲು. ಕ್ಯಾನು, ಚೊಂಬು ಹಿಡಿದು ಸಾಲಿನಲ್ಲಿ ನಿಂತವರಿಗೆ ಅಲ್ಲಿ ಬೇರೆ ಕೆಲಸವಿರುವುದಿಲ್ಲ. ಒಂದು ಹಾಡು ಹಾಡಿ, ಕತೆಯ ಮೊದಲ ತಿರುವಿನವರೆಗೆ ಹೇಳಿ ನಿಲ್ಲಿಸಿದರೆ, ಮುಂದೇನಾಯಿತು ಎಂಬ ಚರ್ಚೆಯನ್ನು ಅವರೇ ಮನೆಗೆ ಒಯ್ಯುತ್ತಾರೆ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಆಟದ ದಿನ ಮಧ್ಯಾಹ್ನ ಶಾಲೆಯಲ್ಲಿ ಮಕ್ಕಳೊಂದಿಗೆ ಒಂದು ಗಂಟೆ ಆಟವಾಡಿಸಿದರೆ, ಸಂಜೆ ಆ ಮಕ್ಕಳು ಅಜ್ಜಿಯರ ಕೈ ಹಿಡಿದು ಎಳೆದು ತರುತ್ತಾರೆ. ಆದರೆ ಮಕ್ಕಳು ಬಂದ ಮೇಲೆ ಅವರನ್ನು ರಂಗದ ಮುಂದೆ ಜಮಖಾನದ ಮೇಲೆ ಕೂರಿಸಿ ನೋಡಿಕೊಳ್ಳುವ ಜವಾಬ್ದಾರಿ ತಂಡದ ಒಬ್ಬರಿಗೆ ಇರಲೇಬೇಕು.

ಮೈಸೂರು ನಗರದಲ್ಲಿ ಇದೆಲ್ಲ ನಡೆಯುವುದಿಲ್ಲ. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಸರ್ಕಾರಿ ನಾಟಕ ಸಂಸ್ಥೆ ರಂಗಾಯಣ ಆರಂಭವಾದಾಗಿನಿಂದ ನಗರದಲ್ಲಿ ನಾಟಕ ನೋಡಿ ಪಳಗಿದ ಒಂದು ಪ್ರೇಕ್ಷಕವರ್ಗವಿದೆ; ಅವರು ಬರುತ್ತಾರೆ, ಆದರೆ ರಂಗಾಯಣದ ಭೂಮಿಗೀತ ರಂಗಮಂದಿರದಲ್ಲೂ ಕಿರುರಂಗಮಂದಿರದಲ್ಲೂ ನಿಮಗೆ ಕಾಣುವುದು ಬಹುಮಟ್ಟಿಗೆ ಅವೇ ಮುಖಗಳು. ಅದೇ ಭಾನುವಾರ ಬೇರೆ ತಂಡದ ಪ್ರಯೋಗವಿದೆಯೇ ಎಂದು ವಿಚಾರಿಸದೆ ದಿನ ಗೊತ್ತುಮಾಡಿದರೆ ಇಬ್ಬರಿಗೂ ನಷ್ಟ. ಹೊಸಬರು ಬೇಕಾದರೆ ಅವರಿರುವಲ್ಲಿಗೆ ಹೋಗಬೇಕು: ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವವರಲ್ಲಿ ಎಷ್ಟೋ ಜನ ಪಕ್ಕದಲ್ಲೇ ಇರುವ ಕಲಾಮಂದಿರದೊಳಗೆ ಕಾಲಿಟ್ಟವರಲ್ಲ, ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಹಾಸ್ಟೆಲುಗಳಲ್ಲಿರುವ ಹುಡುಗ ಹುಡುಗಿಯರಿಗೆ ರಿಯಾಯಿತಿ ಟಿಕೆಟ್ ಇದೆಯೆಂಬುದೇ ತಿಳಿದಿರುವುದಿಲ್ಲ. ಸ್ಥಳೀಯ ದಿನಪತ್ರಿಕೆಗಳ ಕಾರ್ಯಕ್ರಮದ ಕಾಲಮ್ಮನ್ನು ಹಿರಿಯರು ಇಂದಿಗೂ ಬೆರಳಿಟ್ಟು ಓದುತ್ತಾರೆ, ಅಲ್ಲಿ ಎರಡು ಸಾಲು ಬರುವಂತೆ ನೋಡಿಕೊಳ್ಳಿ. ಅವರಿಗೆ ಮನೆಗೆ ಮರಳುವ ಸಿಟಿ ಬಸ್ಸಿನ ಚಿಂತೆಯೂ ಇರುವುದರಿಂದ, ಆರೂವರೆ ಎಂದು ಹಾಕಿದ ನಾಟಕ ಆರೂವರೆಗೇ ಶುರುವಾಗಬೇಕು.

ಆಟದ ರಾತ್ರಿ

ಹಳ್ಳಿಯ ಪ್ರದರ್ಶನಗಳನ್ನು ಕೆಡಿಸುವ ದೊಡ್ಡ ರೋಗವೆಂದರೆ ವೇದಿಕೆ ಕಾರ್ಯಕ್ರಮ. ಹನ್ನೆರಡು ಕುರ್ಚಿ, ಹನ್ನೆರಡು ಶಾಲು, ಹನ್ನೆರಡು ಭಾಷಣ ಮುಗಿಯುವಷ್ಟರಲ್ಲಿ ಮಕ್ಕಳು ಮಲಗಿರುತ್ತಾರೆ. ಇದನ್ನು ಪೂರ್ತಿ ನಿರಾಕರಿಸಿದರೆ ಆಯೋಜಕರಿಗೆ ಊರಿನಲ್ಲಿ ಮುಖಭಂಗವಾಗುತ್ತದೆ. ಆದ್ದರಿಂದ ಹತ್ತು ನಿಮಿಷ, ಒಬ್ಬರ ಮಾತು, ಉಳಿದವರಿಗೆ ಕುಳಿತಲ್ಲಿಯೇ ನಮಸ್ಕಾರ ಎಂದು ವಾರ ಮುಂಚೆಯೇ ಒಪ್ಪಿಸಿಕೊಳ್ಳಬೇಕು. ಮೆಚ್ಚಿದ ನಟನಿಗೆ ದೃಶ್ಯದ ನಡುವೆಯೇ ನೋಟು ಕೊಟ್ಟು ಮೈಕಿನಲ್ಲಿ ಹೆಸರು ಕೂಗಿಸುವ ಪದ್ಧತಿ ಪೌರಾಣಿಕ ನಾಟಕದಿಂದ ಬಂದದ್ದು. ಅದು ಪ್ರೀತಿಯೇ ಸರಿ, ಅವಮಾನಿಸಬಾರದು. ಬಹುಮಾನಗಳನ್ನೆಲ್ಲ ಆಟ ಮುಗಿದ ಮೇಲೆ ಒಟ್ಟಿಗೆ ಓದುತ್ತೇವೆಂದು ಆರಂಭದಲ್ಲೇ ಸಾರಿ, ಹಾಗೆಯೇ ಒಂದು ಹೆಸರೂ ಬಿಡದೆ ಓದಬೇಕು.

ಆಟ ಮುಗಿದ ಮೇಲಿನ ಅರ್ಧ ಗಂಟೆಯ ಬೆಲೆ ಹೆಚ್ಚಿನ ತಂಡಗಳಿಗೆ ತಿಳಿದಿಲ್ಲ. ನಟರು ಬಣ್ಣ ಅಳಿಸಲು ನೇಪಥ್ಯಕ್ಕೆ ಓಡುತ್ತಾರೆ, ಉಳಿದವರು ದೀಪ ಬಿಚ್ಚುತ್ತಾರೆ, ಜನ ಅಷ್ಟರಲ್ಲಿ ಹೊರಟಿರುತ್ತಾರೆ. ಸಾಮಾನು ಬಿಚ್ಚುವುದನ್ನು ಅರ್ಧ ಗಂಟೆ ತಡಮಾಡಿ, ಬಣ್ಣದಲ್ಲೇ ಕೆಳಗಿಳಿದು ಬನ್ನಿ. ಮೈಕ್ ಬೇಡ, ಮೈಕ್ ಕೊಟ್ಟರೆ ಅದು ಭಾಷಣಕಾರರ ಕೈ ಸೇರುತ್ತದೆ. ನಟಿಯರು ಹೆಂಗಸರ ಗುಂಪಿನ ಬಳಿ ಹೋಗಿ ಕೂರಲಿ, ಯಾಕೆಂದರೆ ಗಂಡಸರ ಮುಂದೆ ಅವರು ಬಾಯಿ ಬಿಡುವುದಿಲ್ಲ. "ನಾಟಕ ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತು ಕಣವ್ವ" ಎಂಬಲ್ಲಿಗೆ ಮಾತು ನಿಲ್ಲುತ್ತದೆ. "ಆ ಸೊಸೆ ಮನೆ ಬಿಟ್ಟು ಹೋದದ್ದು ಸರಿಯೇ ಅಮ್ಮಾ?" ಎಂದು ಕೇಳಿ ನೋಡಿ. ಒಬ್ಬರು "ಅವಳೇನು ಮಾಡ್ಬೇಕಿತ್ತು ಮತ್ತೆ" ಎನ್ನುತ್ತಾರೆ, ಪಕ್ಕದವರು ಒಪ್ಪುವುದಿಲ್ಲ, ನಿಮಗೆ ಕೇಳಿಸಿಕೊಳ್ಳುವುದಷ್ಟೇ ಕೆಲಸ. ಗಂಡಸರನ್ನು ಎಲ್ಲಿ ಬೇಸರವಾಯಿತು ಎಂದು ಕೇಳಬಹುದು; ಬೀಡಿ ಸೇದಲು ಎದ್ದು ಹೋದ ದೃಶ್ಯವನ್ನು ಅವರು ಸಂಕೋಚವಿಲ್ಲದೆ ಹೇಳುತ್ತಾರೆ. ಈ ಉತ್ತರಗಳು ಯಾವ ವಿಮರ್ಶೆಯಲ್ಲೂ ಸಿಗುವುದಿಲ್ಲ. ನಾಟಕವನ್ನು ಸಮರ್ಥಿಸಿಕೊಳ್ಳಲು ಮಾತ್ರ ಹೋಗಬೇಡಿ, ನಿರ್ದೇಶಕರು ತಂಡದೊಂದಿಗೆ ಬಂದಿದ್ದರೆ ಈ ಮಾತು ಅವರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಹಣದ ವಿಷಯ ಚಿಕ್ಕದು. ಟಿಕೆಟ್ ಇಲ್ಲದ ಊರಿನಲ್ಲಿ ಜೋಳಿಗೆ ಹಿಡಿಯಿರಿ, ಪಕ್ಕದಲ್ಲಿ ಯುಪಿಐ ಕ್ಯೂಆರ್ ಹಲಗೆಯಿರಲಿ, ಬಂದ ಮೊತ್ತವನ್ನು ಅಲ್ಲಿಯೇ ಎಣಿಸಿ ಎಲ್ಲರಿಗೂ ಕೇಳಿಸುವಂತೆ ಹೇಳಿ.

ಮತ್ತೆ ಹೋಗುವ ತನಕ

ಫೋನ್ ನಂಬರುಗಳನ್ನು ಕೇಳಿ, ಒಪ್ಪಿದವರದನ್ನು ಮಾತ್ರ ಬರೆದುಕೊಳ್ಳಿ. ವಾಟ್ಸಾಪ್ ಗುಂಪು ಮಾಡಿದರೆ ಪ್ರತಿಯೊಬ್ಬರ ನಂಬರೂ ಎಲ್ಲರಿಗೂ ಕಾಣುತ್ತದೆ, ಹೆಂಗಸರು ಆ ಕಾರಣಕ್ಕೇ ಹೊರಬೀಳುತ್ತಾರೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಆ ತೊಂದರೆಯಿಲ್ಲ, ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹಾಗಾಗಿ ನಂಬರು ಪಡೆದಲ್ಲಿಯೇ ನಿಂತು ನಿಮ್ಮದನ್ನೂ ಸೇವ್ ಮಾಡಿಸಬೇಕು. ವರ್ಷಕ್ಕೆ ನಾಲ್ಕೈದು ಸಂದೇಶ ಸಾಕು. ದಿನವೂ ಶುಭೋದಯ ಕಳುಹಿಸುವ ತಂಡವನ್ನು ಯಾರೂ ಓದುವುದಿಲ್ಲ. ಪ್ರದರ್ಶನವಾದ ವಾರದೊಳಗೆ ಪ್ರೇಕ್ಷಕರ ಮುಖ ಕಾಣುವಂತಹ ಒಂದು ಫೋಟೋವನ್ನು ಆಯೋಜಕರಿಗೆ ಕಳುಹಿಸಿ. ನಟರ ಫೋಟೋಗಿಂತ ಅದು ಊರಿನ ಫೋನುಗಳಲ್ಲಿ ಹೆಚ್ಚು ಸುತ್ತುತ್ತದೆ.

ಎಲ್ಲಕ್ಕೂ ಆಧಾರವಾಗಿ ಒಂದು ದಪ್ಪ ನೋಟ್‌ಬುಕ್ ಇರಲಿ, ಊರಿಗೆ ಎರಡು ಪುಟ. ಸಮುದಾಯ ಭವನದ ಬೀಗ ಯಾರ ಮನೆಯಲ್ಲಿರುತ್ತದೆ, ಮೀಟರಿನಿಂದ ರಂಗಕ್ಕೆ ಎಷ್ಟು ಮೀಟರ್ ವೈರು ಬೇಕು, ಡೇರಿ ಎಷ್ಟಕ್ಕೆ ಮುಚ್ಚುತ್ತದೆ, ಶೌಚಾಲಯಕ್ಕೆ ಯಾರ ಮನೆ, ಯಾವ ಮಾತಿಗೆ ನಕ್ಕರು, ಯಾವ ದೃಶ್ಯದಲ್ಲಿ ಎದ್ದರು, ಮಾತುಕತೆಯಲ್ಲಿ ಯಾರು ಏನು ಕೇಳಿದರು ಎಂಬುದನ್ನೆಲ್ಲ ಅದೇ ರಾತ್ರಿ, ಟೆಂಪೋ ಹತ್ತುವ ಮುಂಚೆ ಬರೆಯಬೇಕು. ಮರುವರ್ಷ ಹೋಗುವ ಹಿಂದಿನ ದಿನ ಇಡೀ ತಂಡ ಆ ಎರಡು ಪುಟಗಳನ್ನು ಓದಿಕೊಂಡು ಹೊರಟರೆ, "ಹೋದ ಸಲ ನೀವು ಸೊಸೆಯ ಪರ ವಾದ ಮಾಡಿದ್ದಿರಿ" ಎಂದು ಅದೇ ಅಮ್ಮನನ್ನು ಮಾತನಾಡಿಸಬಹುದು. ಪುಸ್ತಕವನ್ನು ವ್ಯವಸ್ಥಾಪಕರ ಮನೆಯಲ್ಲಿ ಇಡುವುದು ಬೇಡ. ಸಣ್ಣ ತಂಡಗಳಲ್ಲಿ ವ್ಯವಸ್ಥಾಪಕರು ಬದಲಾಗುತ್ತಲೇ ಇರುತ್ತಾರೆ. ಬಣ್ಣದ ಪೆಟ್ಟಿಗೆಯಲ್ಲಿ ಅದಕ್ಕೊಂದು ಜಾಗ ಮಾಡಿ, ಪುಟಗಳ ಫೋಟೋ ತೆಗೆದು ಇಬ್ಬರ ಫೋನಿನಲ್ಲಿ ಇಟ್ಟುಕೊಳ್ಳಿ.