ಕುಚ್ಚಿಗೊಂದು ನಂಬರು, ಮನೆಗೊಂದು ನಂಬರು

ಸೀರೆಗೆ ಕುಚ್ಚು ಹಾಕಿಕೊಡುವುದು ನನ್ನ ಕೆಲಸ. ತುಮಕೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಬೋರ್ಡಿಲ್ಲ. ಗಿರಾಕಿಗಳು ಬರುವುದೆಲ್ಲ ಇನ್‌ಸ್ಟಾಗ್ರಾಂ ನೋಡಿಕೊಂಡೇ. ಹಾಗಾಗಿ ‘ಫೋಟೊ ಹಾಕಬೇಡಿ, ನಂಬರು ಕೊಡಬೇಡಿ’ ಅನ್ನುವ ಬುದ್ಧಿವಾದ ನನಗೆ ಉಪಯೋಗಕ್ಕೆ ಬಾರದು. ಕುಚ್ಚು ಹಾಕುವವಳು ಎಲ್ಲರ ಕಣ್ಣಿಗೂ ಬೀಳಲೇಬೇಕು. ಅವಳ ಮಗಳು ಯಾವ ಶಾಲೆಗೆ ಹೋಗುತ್ತಾಳೆ, ಗಂಡ ಊರಲ್ಲಿ ಇಲ್ಲದ ದಿನ ಯಾವುದು, ಬ್ಯಾಂಕಿನ ಒಟಿಪಿ ಯಾವ ನಂಬರಿಗೆ ಬರುತ್ತದೆ, ಇವು ಬೀಳಬಾರದು.

ಇದನ್ನು ತಲೆಗೆ ಹಚ್ಚಿಕೊಂಡದ್ದು ಒಂದು ಮೆಸೇಜಿನಿಂದ. ಯಾವತ್ತೂ ಒಂದು ಸೀರೆ ಕೊಡದ ಯಾರೋ ಒಬ್ಬರು ರಾತ್ರಿ ಹತ್ತರ ಮೇಲೆ ‘ಮಗಳು ಥೇಟ್ ನಿಮ್ಮ ಹಾಗೇ ಇದ್ದಾಳೆ’ ಎಂದು ಬರೆದಿದ್ದರು. ನಂಬರು ಸಿಕ್ಕಿದ್ದು ಇನ್‌ಸ್ಟಾಗ್ರಾಂನಲ್ಲಿ, ಮುಖ ಸಿಕ್ಕಿದ್ದು ನನ್ನ ಡಿಪಿಯಲ್ಲಿ. ಯಾರೂ ಏನನ್ನೂ ಹ್ಯಾಕ್ ಮಾಡಿರಲಿಲ್ಲ. ಅಂಗಡಿಯ ಬಾಗಿಲಿನಿಂದ ಬಂದವರು ಹಾಗೇ ನಡುಮನೆಗೆ ನಡೆದುಬಿಟ್ಟಿದ್ದರು.

ವ್ಯಾಪಾರಕ್ಕೆ ಹೊಸ ಸಿಮ್ ತಗೋ ಅಂತ ಎಲ್ಲರೂ ಹೇಳಿದರು. ನಾನು ಉಲ್ಟಾ ಮಾಡಿದೆ. ಊರಿಗೆಲ್ಲ ಗೊತ್ತಾದ ನಂಬರನ್ನು ಮತ್ತೆ ಗುಟ್ಟು ಮಾಡಲು ಬರುವುದಿಲ್ಲ, ಅದನ್ನು ವ್ಯಾಪಾರಕ್ಕೇ ಬಿಟ್ಟುಕೊಟ್ಟು ಮನೆಗೆ ಹೊಸದು ತೆಗೆದುಕೊಂಡೆ. ಹಳೆ ನಂಬರನ್ನು ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ನೋಂದಾಯಿಸಿದೆ. ಅದರ ಡಿಪಿಯಲ್ಲಿ ಈಗ ಬೇಬಿ ಕುಚ್ಚಿನ ಸೆರಗೊಂದಿದೆ, ವಿಳಾಸದ ಜಾಗದಲ್ಲಿ ಬಡಾವಣೆಯ ಹೆಸರು ಮಾತ್ರ. ಮಾಮೂಲಿ ವಾಟ್ಸಾಪ್ ಹೊಸ ನಂಬರಿನ ಮೇಲೆ. ಎರಡಕ್ಕೂ ಆರಂಕಿಯ ಪಿನ್ ಹಾಕಿದೆ. ಒಟಿಪಿಯನ್ನು ಯಾರಾದರೂ ಮಾತಲ್ಲಿ ಮರುಳು ಮಾಡಿ ಕೇಳಿಸಿಕೊಂಡರೂ ಆ ಪಿನ್ ಇಲ್ಲದೆ ಖಾತೆ ಬೇರೆ ಫೋನಿನಲ್ಲಿ ತಕ್ಷಣಕ್ಕೆ ತೆರೆಯುವುದಿಲ್ಲ.

ಹೊಸ ಸಿಮ್ ಹಾಕಿದ ಮೇಲೆ ಒಂದು ವಿಚಿತ್ರ ಶುರುವಾಯಿತು. ಯಾರದೋ ಸಾಲದ ಕಂತಿನ ಎಸ್ಸೆಮ್ಮೆಸ್ಸು, ಯಾರದೋ ಖಾತೆಯಲ್ಲಿ ಉಳಿದ ಹಣದ ಲೆಕ್ಕ, ಯಾವುದೋ ಶಾಲೆಯ ರಜೆಯ ಸೂಚನೆ, ಎಲ್ಲ ನನಗೆ ಬರತೊಡಗಿದವು. ಹೊಸ ನಂಬರು ಅಂದರೆ ಎಷ್ಟೋ ಸಲ ಯಾರೋ ಬಿಟ್ಟ ನಂಬರೇ. ಬಂದ್ ಆದ ನಂಬರನ್ನು ಕಡಿಮೆಯೆಂದರೂ 90 ದಿನ ಬೇರೆಯವರಿಗೆ ಕೊಡುವುದಿಲ್ಲ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿತ್ತು. ಆ ಗಡುವು ಮುಗಿದ ಮೇಲೆ ಅದು ನನ್ನಂಥವರ ಕೈಗೆ ಬರುತ್ತದೆ, ಹಿಂದಿನವರ ಅರ್ಧ ಬದುಕನ್ನೂ ಎಳೆದುಕೊಂಡು. ಆ ಪುಣ್ಯಾತ್ಮರ ಫೇಸ್‌ಬುಕ್ ಖಾತೆಗೂ ಇದೇ ನಂಬರು ಜೋಡಿಸಿದ್ದರೆ ಪಾಸ್‌ವರ್ಡ್ ಬದಲಿಸುವ ಕೋಡ್ ಕೂಡ ನನ್ನ ಕೈಗೇ ಬರುತ್ತಿತ್ತು. ನನ್ನ ಹಳೆ ನಂಬರಿನ ರೀಚಾರ್ಜ್ ತಪ್ಪದಂತೆ ನೋಡಿಕೊಳ್ಳುವುದು ಅದಕ್ಕೇ. ಬ್ಯಾಂಕು, ಆಧಾರ್, ಗ್ಯಾಸು ಒಂದೊಂದಾಗಿ ಹೊಸ ನಂಬರಿಗೆ ಬಂದವು. ಆಧಾರ್‌ಗೆ ಮಾತ್ರ ಕೇಂದ್ರಕ್ಕೆ ಹೋಗಿ ಸಾಲಲ್ಲಿ ನಿಂತು ಬೆರಳಚ್ಚು ಕೊಡಬೇಕಾಯಿತು.

ಮೇಲ್ ವಿಷಯ ಬೇಗ ಮುಗಿಯಿತು, ಆದರೆ ಎಲ್ಲಕ್ಕಿಂತ ಮುಖ್ಯ ಅದೇ. ಮಿಕ್ಕ ಎಲ್ಲ ಖಾತೆಗಳ ಪಾಸ್‌ವರ್ಡ್ ಮರೆತರೆ ಹೊಸದು ಬರುವುದು ಜಿಮೇಲಿಗೆ. ವ್ಯಾಪಾರಕ್ಕೆ ಬೇರೆ ವಿಳಾಸ ಮಾಡಿದೆ. ಮನೆಯದ್ದು ಬ್ಯಾಂಕಿಗೆ ಮತ್ತು ಮಗಳ ಶಾಲೆಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಎರಡನೇ ಹಂತದ ಪರಿಶೀಲನೆಗೆ ಎಸ್ಸೆಮ್ಮೆಸ್ ಬದಲು ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಇಟ್ಟು, ಗೂಗಲ್ ಕೊಡುವ ಎಂಟಂಕಿಯ ಹತ್ತು ಬ್ಯಾಕಪ್ ಕೋಡ್‌ಗಳನ್ನು ಹಾಳೆಯಲ್ಲಿ ಬರೆದು ಬೀರುವಿನಲ್ಲಿ ಒಡವೆ ಜೊತೆ ಇಟ್ಟೆ. ಲಾಗಿನ್ ಆಗಿರುವ ಸಾಧನಗಳ ಪಟ್ಟಿ ತೆಗೆದು ನೋಡಿದಾಗ ಎಂದೋ ಮಾರಿದ ಫೋನು ಅಲ್ಲಿ ಇನ್ನೂ ಬದುಕಿತ್ತು. ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಅನ್ನುವ ಜಾಗವನ್ನೂ ತೆಗೆದು ನೋಡಿ. ಖಾತೆಗೆ ಒಮ್ಮೆ ನುಗ್ಗಿದವರು ನಿಮ್ಮ ಮೇಲ್‌ಗಳ ಪ್ರತಿ ತಮಗೂ ಬರುವ ಹಾಗೆ ಅಲ್ಲಿ ವಿಳಾಸ ಸೇರಿಸಿಟ್ಟಿದ್ದರೆ, ಪಾಸ್‌ವರ್ಡ್ ಬದಲಿಸಿದ ಮೇಲೂ ಅದು ಹಾಗೇ ಉಳಿದಿರುತ್ತದೆ.

ದಾರ, ಮಣಿ ತರಿಸುವ ಸೈಟುಗಳಿಗೆ ಜಿಮೇಲ್ ಹೆಸರು ಮುಗಿದ ಮೇಲೆ, @ ಗುರುತಿಗೆ ಮೊದಲು ಪ್ಲಸ್ ಗುರುತು ಹಾಕಿ ಆಯಾ ಅಂಗಡಿಯ ಹೆಸರು ಸೇರಿಸಿ ಕೊಡುತ್ತೇನೆ. ಮೇಲ್ ಬರುವುದು ಅದೇ ಡಬ್ಬಿಗೆ. ಆದರೆ ಮಣಿಯ ಅಂಗಡಿಗೆ ಕೊಟ್ಟ ವಿಳಾಸಕ್ಕೆ ಒಮ್ಮೆ ನಿವೇಶನ ಮಾರುವವರ ಮೇಲ್ ಬಂದಾಗ ವಿಳಾಸ ಎಲ್ಲಿಂದ ಸೋರಿತು ಅಂತ ಗೊತ್ತಾಯಿತು. ಪ್ಲಸ್ ಭಾಗ ಕಿತ್ತರೆ ಅಸಲಿ ವಿಳಾಸ ಯಾರಿಗಾದರೂ ಸಿಗುತ್ತದೆ, ಆದ್ದರಿಂದ ಇದು ಕಳ್ಳನನ್ನು ಹಿಡಿಯಲು ಸರಿ, ತಡೆಯಲು ಸಾಲದು.

ಇಷ್ಟು ಮಾಡಿದ ಮೇಲೂ ವ್ಯಾಪಾರದ ಕಡೆಯವರು, ಮನೆಯ ಕಡೆಯವರು ಒಬ್ಬರಿಗೊಬ್ಬರು ಸಿಗುತ್ತಲೇ ಇದ್ದರು. ಎಲ್ಲಿಂದ ಅಂತ ಹುಡುಕಿದರೆ ಫೋನ್‌ಬುಕ್. ಎರಡು ವಾಟ್ಸಾಪ್ ಇದ್ದರೂ ಫೋನ್‌ಬುಕ್ ಒಂದೇ. ಡಿಪಿಯನ್ನು ‘ಮೈ ಕಾಂಟ್ಯಾಕ್ಟ್ಸ್’ಗೆ ಮಾತ್ರ ಅಂತ ಇಟ್ಟೆವು ಅಂದರೆ, ನಾವು ಸೇವ್ ಮಾಡಿಕೊಂಡವರೆಲ್ಲ ಅದರೊಳಗೆ ಬಂದರು. ‘ಹಸಿರು ಮೈಸೂರ್ ಸಿಲ್ಕ್ ಆಂಟಿ’ ಅಂತ ನೆನಪಿಗೆ ಸೇವ್ ಮಾಡಿಕೊಂಡಿದ್ದವರ ಕೈಗೆ ನನ್ನ ಹೊಸ ನಂಬರು ಒಮ್ಮೆ ಸಿಕ್ಕರೆ ಮನೆಯ ಫೋಟೊವೂ ಸಿಕ್ಕ ಹಾಗೆ. ಈಗ ಗಿರಾಕಿಗಳನ್ನು ಸೇವ್ ಮಾಡುವುದೇ ಇಲ್ಲ, ಬಿಸಿನೆಸ್ ಆ್ಯಪ್‌ನ ಲೇಬಲ್ ಹಾಕಿಕೊಳ್ಳುತ್ತೇನೆ. ಇನ್‌ಸ್ಟಾಗ್ರಾಂನಲ್ಲಿ ಫೋನ್‌ಬುಕ್ ಏರಿಸಿಕೊಳ್ಳುವ ಕಾಂಟ್ಯಾಕ್ಟ್ ಸಿಂಕ್ ಆಫ್ ಮಾಡಿದೆ, ಹಿಂದೆ ಏರಿಸಿದ್ದನ್ನು ಅಳಿಸಿದೆ.

ಆದರೆ ನನ್ನ ಫೋನಿನಲ್ಲಿ ಆಫ್ ಮಾಡಿದರೆ ಸಾಕೇ? ನನ್ನ ನಂಬರು ನೂರಾರು ಜನರ ಫೋನಿನಲ್ಲಿದೆ. 2021ರ ಏಪ್ರಿಲ್‌ನಲ್ಲಿ 53 ಕೋಟಿಗೂ ಹೆಚ್ಚು ಫೇಸ್‌ಬುಕ್ ಬಳಕೆದಾರರ ಮಾಹಿತಿ, ಫೋನ್ ನಂಬರುಗಳ ಸಮೇತ, ಬೀದಿಗೆ ಬಿದ್ದಿತ್ತು. ಫೋನ್‌ಬುಕ್ ಏರಿಸಿ ಗೆಳೆಯರನ್ನು ಹುಡುಕಿಕೊಳ್ಳುವ ಸೌಲಭ್ಯವಿತ್ತಲ್ಲ, ಅದನ್ನೇ ಬಳಸಿ 2019ರ ಸೆಪ್ಟೆಂಬರಿಗೂ ಮುಂಚೆ ಬಾಚಿಕೊಂಡದ್ದು ಎಂದು ಕಂಪನಿಯೇ ಹೇಳಿತು. ಹೊಸ ನಂಬರನ್ನು ನಾನು ಫೇಸ್‌ಬುಕ್ಕಿಗೆ ಕೊಟ್ಟೇ ಇಲ್ಲ. ಅಲ್ಲಿ ಫ್ರೆಂಡ್ಸ್ ಪಟ್ಟಿಯನ್ನು ‘ಓನ್ಲಿ ಮಿ’ ಮಾಡಿದೆ. ನಮ್ಮದೇ ಫೋಟೊ ಹಾಕಿ ನಕಲಿ ಖಾತೆ ತೆರೆದು ‘ಅರ್ಜೆಂಟು, ಹತ್ತು ಸಾವಿರ ಕಳಿಸಿ’ ಅಂತ ಕೇಳುವವರಿಗೆ ಯಾರನ್ನು ಕೇಳಬೇಕೆಂದು ತೋರಿಸಿಕೊಡುವುದು ಆ ಪಟ್ಟಿಯೇ.

ಇನ್ನೊಂದು ಕಿಂಡಿ ಯುಪಿಐ. ಹಲವು ಆ್ಯಪ್‌ಗಳು ಮೊಬೈಲ್ ನಂಬರನ್ನೇ ಯುಪಿಐ ಐಡಿ ಮಾಡಿಬಿಡುತ್ತವೆ. ಮನೆಯ ನಂಬರಿನ ಖಾತೆಯ ಕ್ಯೂಆರ್ ಅನ್ನು ಗಿರಾಕಿಗೆ ಕಳಿಸಿದರೆ ಎಲ್ಲ ಮಾಡಿದ್ದೂ ನೀರಿನಲ್ಲಿ ಹೋಮ. ನಂಬರಿಲ್ಲದ ಐಡಿ ಮಾಡಿಕೊಂಡು ಅದರ ಕ್ಯೂಆರ್ ಅನ್ನೇ ಕೊಡುತ್ತೇನೆ.

ಫೋಟೊಗಳಲ್ಲಿ ಕುಚ್ಚಿನ ಹಿಂದೆ ಏನು ಕಾಣುತ್ತದೆ ಅಂತ ನೋಡುವ ಅಭ್ಯಾಸ ಆಗಿದೆ. ಒಣಗಲು ಹಾಕಿದ ಯೂನಿಫಾರಂ, ಕಿಟಕಿಯಾಚೆಯ ಕಲ್ಯಾಣ ಮಂಟಪದ ಬೋರ್ಡು ಇಷ್ಟಿದ್ದರೆ ಮನೆ ಹುಡುಕಲು ಸಾಕು. ಕೊರಿಯರಿಗೆ ಹೊರಟ ಪಾರ್ಸೆಲ್‌ಗಳ ಸಾಲನ್ನು ಸ್ಟೇಟಸ್‌ಗೆ ಹಾಕುವುದು ನಮ್ಮ ಕಸುಬಿನವರಿಗೆಲ್ಲ ಚಟ. ಅದರ ಮೇಲೆ ಗಿರಾಕಿಯ ಹೆಸರು, ಮನೆ ನಂಬರು, ಫೋನು ಎಲ್ಲ ದಪ್ಪಕ್ಷರದಲ್ಲಿ ಇರುತ್ತದೆ. ನನ್ನದನ್ನು ಮುಚ್ಚಿಟ್ಟು ಅವರದ್ದನ್ನು ಹರಾಜಿಗೆ ಹಾಕುವುದು ಯಾವ ನ್ಯಾಯ? ಈಗ ಕವರ್ ಬೋರಲು ಹಾಕಿ ಫೋಟೊ ತೆಗೆಯುತ್ತೇನೆ.

ಸೆಟ್ಟಿಂಗ್ಸ್‌ಗಿಂತ ಕಷ್ಟವಾದದ್ದು ಮನೆಯವರು. ಮಗಳ ಹುಟ್ಟುಹಬ್ಬಕ್ಕೆ ನಾದಿನಿ ಫೇಸ್‌ಬುಕ್ಕಿನಲ್ಲಿ ಪೂರ್ತಿ ಹೆಸರು, ತರಗತಿ, ಶಾಲೆ ಎಲ್ಲ ಬರೆದು ನನ್ನನ್ನು ಟ್ಯಾಗ್ ಮಾಡಿದ್ದಳು. ಟ್ಯಾಗ್ ರಿವ್ಯೂ ಇದ್ದದ್ದರಿಂದ ನನ್ನ ಗೋಡೆಗೆ ಬರಲಿಲ್ಲ, ಅವಳ ಗೋಡೆಯಲ್ಲಿ ಇದ್ದೇ ಇತ್ತು. ಶಾಲೆಯ ಹೆಸರು ತೆಗಿಯಮ್ಮ ಅಂದೆ. ಪಕ್ಕದಲ್ಲಿದ್ದ ಅತ್ತೆ, “ಅದರಲ್ಲಿ ಮುಚ್ಚಿಡೋ ಅಂಥದ್ದು ಏನಿದೆಯೇ? ನಾವೇನು ಕದ್ದಿದ್ದೀವಾ?” ಅಂದರು.

“ಬಚ್ಚಲಿಗೆ ಬಾಗಿಲು ಹಾಕ್ಕೊಳ್ಳೋದು ಕದ್ದಿದ್ದಕ್ಕಲ್ಲ ಅಲ್ವಾ ಅತ್ತೆ?”

ಅತ್ತೆ ನಕ್ಕರು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಹೂಡಿದ ಕೇಸಿನಿಂದಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಅಂದದ್ದು ಎಂದೂ ಹೇಳಿದೆ. ಅದಕ್ಕಿಂತ ಬಚ್ಚಲ ಬಾಗಿಲೇ ಹೆಚ್ಚು ನಾಟಿತು ಅನ್ನಿಸುತ್ತದೆ. ನಾದಿನಿ ಶಾಲೆಯ ಹೆಸರು ತೆಗೆದಳು, ಫೋಟೊ ಉಳಿಸಿಕೊಂಡಳು. ಅಷ್ಟಕ್ಕೆ ಇಬ್ಬರೂ ಒಪ್ಪಿದೆವು.

ಜೆರಾಕ್ಸ್ ಅಂಗಡಿಯಲ್ಲಿ ‘ಈ ನಂಬರಿಗೆ ವಾಟ್ಸಾಪ್ ಮಾಡಿ’ ಅಂದರೆ ವ್ಯಾಪಾರದ ನಂಬರಿನಿಂದ, ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕಳಿಸುತ್ತೇನೆ. ಪ್ರಿಂಟ್ ಆದ ಮೇಲೆ ‘ಡಿಲೀಟ್ ಫಾರ್ ಎವೆರಿವನ್’ ಒತ್ತಿದರೂ ಅವರ ಕಂಪ್ಯೂಟರಿನ ಡೌನ್‌ಲೋಡ್ಸ್‌ನಲ್ಲಿ ಅದು ಉಳಿದಿರುತ್ತದೆ. “ಅಣ್ಣಾ, ಅದನ್ನೂ ಅಳಿಸಿಬಿಡಿ” ಅಂತ ನಿಂತು ಅಳಿಸಿಸಿಯೇ ಬರುತ್ತೇನೆ. ಮೊದಮೊದಲು ಗುರಾಯಿಸುತ್ತಿದ್ದರು.

ಇನ್ನೂ ಬಿಡಿಸಲಾಗದ ಗಂಟು ಮಗಳ ಶಾಲೆಯ ಪೋಷಕರ ಗ್ರೂಪ್. ಅಲ್ಲಿ ಮನೆಯ ನಂಬರು ಇರಲೇಬೇಕು, ಸದಸ್ಯರಿಗೆಲ್ಲ ಕಾಣಲೇಬೇಕು. ಆ ಅಮ್ಮಂದಿರಲ್ಲಿ ಅರ್ಧ ಜನ ನನ್ನ ಗಿರಾಕಿಗಳೇ. ಶ್ರಾವಣ ಬಂತೆಂದರೆ ಆ ನಂಬರಿಗೇ ಸೀರೆಯ ಫೋಟೊಗಳು ಬೀಳುತ್ತವೆ. ಅಲ್ಲಿ ರೇಟು ಹೇಳುವುದಿಲ್ಲ, ಇನ್ನೊಂದು ನಂಬರಿನಿಂದ ಉತ್ತರಿಸುತ್ತೇನೆ. “ಇದ್ಯಾಕೆ ಹೀಗೆ?” ಅಂತ ಕೇಳಿದವರಿಗೆ “ಆರ್ಡರ್ ಪುಸ್ತಕ ಈ ಫೋನಲ್ಲಿದೆ ಅಕ್ಕ” ಅನ್ನುತ್ತೇನೆ.