ಆರೈಕೆ ಕೇಂದ್ರಕ್ಕೆ ಬದಲಿ ವಿದ್ಯುತ್: ನಾವು ಲೆಕ್ಕ ಹಾಕಿದ ಬಗೆ

ವಯಸ್ಸಾದವರು, ಅಂಗವೈಕಲ್ಯವುಳ್ಳವರು ಮತ್ತು ಮರೆವಿನ ಕಾಯಿಲೆಯವರು ಒಟ್ಟಿಗೆ ವಾಸಿಸುವ ಆರೈಕೆ ಕೇಂದ್ರವೊಂದಕ್ಕೆ ಬದಲಿ ವಿದ್ಯುತ್ ವ್ಯವಸ್ಥೆ ರೂಪಿಸುವ ಹೊಣೆ ನನ್ನ ಪಾಲಿಗೆ ಬಂದಾಗ, ಎಲ್ಲರೂ ಮೊದಲು ಕೇಳಿದ್ದು ಎಷ್ಟು ಕೆವಿಎ (ಜನರೇಟರಿನ ಸಾಮರ್ಥ್ಯದ ಅಳತೆ) ಜನರೇಟರ್ ಬೇಕೆಂಬುದನ್ನು. ಆ ಪ್ರಶ್ನೆಯನ್ನು ನಾನು ಕೊನೆಗೆ ಇಟ್ಟುಕೊಂಡೆ. ಹಿರಿಯ ಶುಶ್ರೂಷಕಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಕೋಣೆ ಕೋಣೆಗೂ ಹೋಗಿ, ಈ ಕ್ಷಣ ವಿದ್ಯುತ್ ಹೋದರೆ ಇಲ್ಲಿರುವವರಿಗೆ ಏನಾಗುತ್ತದೆ, ಎಷ್ಟು ಹೊತ್ತಿನಲ್ಲಿ ಆಗುತ್ತದೆ ಎಂಬುದನ್ನು ಬರೆದುಕೊಳ್ಳುತ್ತಾ ಬಂದೆ.

ಪಟ್ಟಿಯು ವ್ಯಾಟ್‌ಗಳ ಕ್ರಮದಲ್ಲಿ ಅಲ್ಲ, ಸಮಯದ ಕ್ರಮದಲ್ಲಿ ಸಿದ್ಧವಾಯಿತು. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ನಿಮಿಷಕ್ಕೆ 5 ಲೀಟರ್ ಕೊಡುವ ಯಂತ್ರ, ಅಂದರೆ ಆಕ್ಸಿಜನ್ ಕಾನ್ಸಂಟ್ರೇಟರ್, ಸುಮಾರು 300ರಿಂದ 350 ವ್ಯಾಟ್ ಎಳೆಯುತ್ತದೆ. ವಿದ್ಯುತ್ ಹೋದೊಡನೆ ಅದು ನಿಲ್ಲುವುದರಿಂದ ಪಕ್ಕದಲ್ಲೇ ತುಂಬಿದ ಸಿಲಿಂಡರ್ ಇರಲೇಬೇಕು. ಹಾಸಿಗೆ ಹಿಡಿದವರ ಗಾಳಿ ಹಾಸಿಗೆ ಮೆಲ್ಲಗೆ ಕುಸಿಯುತ್ತದೆ, ಒತ್ತಡದ ಹುಣ್ಣಿನ ಅಪಾಯ ಅಲ್ಲಿಂದ ಶುರುವಾಗುತ್ತದೆ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕಾದ ಇನ್ಸುಲಿನ್ ಬಾಗಿಲು ತೆರೆಯದ ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ತಡೆದುಕೊಂಡೀತು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮರೆವಿನ ಕಾಯಿಲೆಯವರಿರುವ ವಿಭಾಗದ ವಿದ್ಯುತ್ಕಾಂತೀಯ ಬೀಗ. ಬೆಂಕಿ ಬಿದ್ದಾಗ ಯಾರೂ ಒಳಗೆ ಸಿಕ್ಕಿಕೊಳ್ಳಬಾರದೆಂದು ವಿದ್ಯುತ್ ಹೋದರೆ ಅದು ತಾನಾಗಿಯೇ ತೆರೆದುಕೊಳ್ಳುತ್ತದೆ, ಇಂಥವರು ಕತ್ತಲಲ್ಲಿ ಹೊರಗೆ ನಡೆದುಬಿಡುವುದಕ್ಕೂ ಅದೇ ದಾರಿಯಾಗುತ್ತದೆ. ಕೆಲವೇ ವ್ಯಾಟ್ ಎಳೆಯುವ ಈ ಬೀಗಕ್ಕೆ ಲೋಡ್ ಲೆಕ್ಕದಲ್ಲಿ ಏನೇನೂ ತೂಕವಿಲ್ಲ. ನಮ್ಮ ಪಟ್ಟಿಯಲ್ಲಿ ಮಾತ್ರ ಅದು ಆಕ್ಸಿಜನ್ ಯಂತ್ರದ ಮರುಸಾಲಿನಲ್ಲೇ ನಿಂತಿತು.

ಹವಾನಿಯಂತ್ರಣವನ್ನು ಸೌಕರ್ಯವೆಂದು ಬದಿಗಿಡೋಣವೆಂಬ ಸಲಹೆಯೂ ಬಂತು. ನಾನು ಒಪ್ಪಲಿಲ್ಲ. 2017ರ ಇರ್ಮಾ ಚಂಡಮಾರುತದ ನಂತರ ಅಮೆರಿಕದ ಫ್ಲಾರಿಡಾದ ಶುಶ್ರೂಷಾ ಕೇಂದ್ರವೊಂದರಲ್ಲಿ ದೀಪಗಳು ಉರಿಯುತ್ತಲೇ ಇದ್ದವು, ನಿಂತದ್ದು ತಂಪುಗೊಳಿಸುವ ವ್ಯವಸ್ಥೆ ಮಾತ್ರ. ಆ ಸೆಕೆಯಿಂದಾಗಿ 12 ಮಂದಿ ಸತ್ತರು. ಬಳಿಕ ಅಲ್ಲಿನ ವಸತಿ ಆರೈಕೆ ಕೇಂದ್ರಗಳು 96 ಗಂಟೆಗಳ ಕಾಲ ಒಳಗಿನ ಉಷ್ಣತೆ 81 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 27 ಡಿಗ್ರಿ ಸೆಲ್ಸಿಯಸ್, ಮೀರದಂತೆ ನೋಡಿಕೊಳ್ಳಬೇಕೆಂಬ ನಿಯಮ ಬಂತು. ಇಡೀ ಕಟ್ಟಡವನ್ನು ತಂಪಾಗಿಡಬೇಕೆಂದು ಆ ನಿಯಮ ಹೇಳುವುದಿಲ್ಲ, ಎಲ್ಲರೂ ಸೇರಬಹುದಾದಷ್ಟು ಜಾಗವಿದ್ದರೆ ಸಾಕು. ನಾವೂ ಊಟದ ಸಭಾಂಗಣವನ್ನೇ ಅಂಥ ಜಾಗವೆಂದು ಗುರುತಿಸಿದೆವು.

ಇಷ್ಟಾದ ಮೇಲೆ ಕೆವಿಎ ಪ್ರಶ್ನೆ ಸುಲಭವಾಯಿತು. ನೀರಿನ ಪಂಪು, ಹವಾನಿಯಂತ್ರಣದ ಕಂಪ್ರೆಸರ್‌ಗಳಂಥ ಮೋಟರುಗಳು ಚಾಲೂ ಆಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯಬಲ್ಲವು. ಆದ್ದರಿಂದ ಎಲ್ಲವೂ ಒಟ್ಟಿಗೆ ಎದ್ದೇಳದಂತೆ ಒಂದಾದ ಮೇಲೊಂದು ಚಾಲೂ ಆಗುವ ಏರ್ಪಾಡು ಮಾಡಿಸಿದೆ. ದೊಡ್ಡದನ್ನೇ ತರೋಣ, ನಷ್ಟವೇನು ಎಂದು ಆಡಳಿತ ಮಂಡಳಿ ಕೇಳಿತು. ನಷ್ಟವಿದೆ: ಸದಾ ಕಡಿಮೆ ಲೋಡಿನಲ್ಲಿ ಓಡುವ ಡೀಸೆಲ್ ಎಂಜಿನ್ ಸಾಕಷ್ಟು ಬಿಸಿಯೇರದೆ, ಪೂರ್ತಿ ಉರಿಯದ ಇಂಧನ ಹೊಗೆ ಕೊಳವೆಯಲ್ಲಿ ಜಿಡ್ಡಾಗಿ ಕಟ್ಟುತ್ತದೆ.

ಡೀಸೆಲಿನ ಲೆಕ್ಕ ಸರಳ. ಯೂನಿಟ್ ಒಂದಕ್ಕೆ ಸುಮಾರು 0.3 ಲೀಟರ್ ಎಂದು ಹಿಡಿದರೆ, ಸರಾಸರಿ 20 ಕಿಲೋವ್ಯಾಟ್ ಲೋಡನ್ನು 96 ಗಂಟೆ ನಡೆಸಲು 580 ಲೀಟರಿನಷ್ಟು ಬೇಕಾಗುತ್ತದೆ. ಅಷ್ಟನ್ನು ಸುರಕ್ಷಿತವಾಗಿ ಇಡುವುದೇ ಕಷ್ಟದ ಭಾಗ, ಏಕೆಂದರೆ ಅಗ್ನಿ ಸುರಕ್ಷತೆಯ ಅನುಮತಿ ಬೇಕು, ಜೊತೆಗೆ ಬಹುಕಾಲ ನಿಂತ ಡೀಸೆಲಿನಲ್ಲಿ ನೀರು ಸೇರಿ ಸೂಕ್ಷ್ಮಜೀವಿಗಳು ಬೆಳೆದು ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಜನರೇಟರನ್ನು ಪ್ರವಾಹದ ಮಟ್ಟಕ್ಕಿಂತ ಮೇಲೆ, ಕಾರ್ಬನ್ ಮೊನಾಕ್ಸೈಡ್ ಒಳಬರದಂತೆ ಕಿಟಕಿಗಳಿಂದ ದೂರದಲ್ಲಿ ಇಟ್ಟೆವು. ಮುಖ್ಯ ಲೈನಿನಿಂದ ಜನರೇಟರಿಗೆ ತಾನಾಗಿಯೇ ಬದಲಾಯಿಸುವ ಸ್ವಯಂಚಾಲಿತ ಚೇಂಜ್‌ಓವರ್ ಇದ್ದರೂ ಜನರೇಟರ್ ಲೋಡ್ ಎತ್ತಿಕೊಳ್ಳಲು ಹಲವು ಸೆಕೆಂಡುಗಳು ಹಿಡಿಯುತ್ತವೆ. ಆ ನಡುವಣ ಅವಧಿಗೆಂದು ಕರೆಗಂಟೆ ವ್ಯವಸ್ಥೆ, ಬೀಗಗಳು ಮತ್ತು ಕಾರಿಡಾರ್ ದೀಪಗಳನ್ನು ಯುಪಿಎಸ್‌ಗೆ ಜೋಡಿಸಿದೆವು.

ತುರ್ತು ವಿದ್ಯುತ್ ವ್ಯವಸ್ಥೆಗಳಿಗೆಂದು ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯೊಂದು ರೂಪಿಸಿದ ಎನ್‌ಎಫ್‌ಪಿಎ 110 ಮಾನದಂಡವು ತಿಂಗಳಿಗೊಮ್ಮೆ ಕನಿಷ್ಠ 30 ನಿಮಿಷ, ಡೀಸೆಲ್ ಜನರೇಟರಿನ ಸಾಮರ್ಥ್ಯದ ಶೇಕಡಾ 30ಕ್ಕೆ ಕಡಿಮೆಯಿಲ್ಲದ ಲೋಡಿನೊಂದಿಗೆ ಪರೀಕ್ಷಿಸಬೇಕೆನ್ನುತ್ತದೆ. ಬರಿದೇ ಎಂಜಿನ್ ಓಡಿಸಿ ವಹಿಯಲ್ಲಿ ಸಹಿ ಹಾಕುವುದನ್ನು ನಾನು ಪರೀಕ್ಷೆಯೆಂದು ಕರೆಯಲಾರೆ. ನಾವು ಸಿಬ್ಬಂದಿಯನ್ನು ಜಾಗಜಾಗಗಳಲ್ಲಿ ನಿಲ್ಲಿಸಿ ಮೇನ್ ಸ್ವಿಚ್ಚನ್ನೇ ತೆಗೆಯುತ್ತೇವೆ. ಜನರೇಟರ್ ಎದ್ದೇಳದಿರಲು ಅತಿ ಸಾಮಾನ್ಯ ಕಾರಣ ಅದನ್ನು ಚಾಲೂ ಮಾಡುವ ಬ್ಯಾಟರಿಯೇ ಆದ್ದರಿಂದ ಅದನ್ನು ಪ್ರತ್ಯೇಕವಾಗಿ ತಪಾಸಿಸುತ್ತೇವೆ. ರಾತ್ರಿ ಪಾಳಿಯವರಿಗೂ ಕೈಯಿಂದ ಚೇಂಜ್‌ಓವರ್ ಮಾಡುವುದನ್ನು ಕಲಿಸಿದ್ದೇವೆ.

ಹೊಸ ನಿವಾಸಿ ಸೇರಿದಾಗಲೆಲ್ಲ ಪಟ್ಟಿ ಬದಲಾಗುತ್ತದೆ. ಆದ್ದರಿಂದ ದಾಖಲಾತಿ ನಮೂನೆಯಲ್ಲಿಯೇ, ಅವರು ತರುವ ಯಂತ್ರ ಯಾವುದು, ಎಷ್ಟು ವ್ಯಾಟಿನದು, ಅದರ ಸ್ವಂತ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬ ಅಂಕಣಗಳನ್ನು ಸೇರಿಸಿದ್ದೇವೆ. ಅವು ತುಂಬಿದ ಬಳಿಕವೇ, ಜನರೇಟರಿನ ಲೈನಿಗೆ ಸೇರಿದ ಕೆಂಪು ಸಾಕೆಟ್ ಇರುವ ಕೋಣೆ ಬೇಕೋ ಬೇಡವೋ ಎಂಬುದು ನಿರ್ಧಾರವಾಗುತ್ತದೆ.