ಕುದುರೆಯ ಮೇಲೆ ಸರಿಯಾಗಿ ಕೂರಲು ಸೊಂಟದಿಂದ ಶುರು ಮಾಡಿ

ಸವಾರಿ ಕಲಿಸುವ ಮೈದಾನದಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ‘ಹಿಮ್ಮಡಿ ಕೆಳಗೆ, ಬೆನ್ನು ನೆಟ್ಟಗೆ’. ಮಾತು ತಪ್ಪಲ್ಲ, ಅದನ್ನು ಕೇಳಿದವರು ಮಾಡುವುದು ತಪ್ಪು. ಹಿಮ್ಮಡಿಯನ್ನು ಬಲವಂತವಾಗಿ ಒತ್ತಿದರೆ ಕಣಕಾಲು ಬಿಗಿದು ಕಾಲು ಮುಂದಕ್ಕೆ ಜಾರುತ್ತದೆ. ಎದೆ ಉಬ್ಬಿಸಿದರೆ ಬೆನ್ನಿನ ಕೆಳಭಾಗ ಒಳಕ್ಕೆ ಬಾಗಿ ನೋವು ಶುರುವಾಗುತ್ತದೆ. ತಲೆ, ಕಾಲುಗಳ ಗೊಡವೆ ಸ್ವಲ್ಪ ದಿನ ಬಿಟ್ಟು ಸೊಂಟ ಸರಿಮಾಡಿಕೊಳ್ಳಿ. ಉಳಿದದ್ದರಲ್ಲಿ ಅರ್ಧಕ್ಕರ್ಧ ತಾನಾಗಿ ಸರಿಹೋಗುತ್ತದೆ.

ಮೊದಲ ಪಾಠಕ್ಕೆ ಕುದುರೆ ಬೇಡ, ಗಟ್ಟಿ ಮರದ ಸ್ಟೂಲ್ ಸಾಕು. ಪಾದಗಳನ್ನು ನೆಲಕ್ಕೆ ಊರಿ ಕೂತು, ಅಂಗೈ ಮೇಲ್ಮುಖವಾಗಿ ಎರಡೂ ಕೈಗಳನ್ನು ಕುಂಡಿಯ ಕೆಳಗೆ ಇಡಿ. ಬೆರಳುಗಳ ಮೇಲೆ ಎರಡು ಗಂಟು ಮೂಳೆಗಳು ಒತ್ತುತ್ತವೆ. ಸವಾರರು ಸೀಟ್ ಬೋನ್ ಅನ್ನುವುದು ಇವನ್ನೇ. ಈಗ ಬೆನ್ನನ್ನು ಗೂನು ಮಾಡಿ: ಮೂಳೆಗಳ ತುದಿ ಮುಂದಕ್ಕೆ ತಿರುಗಿ, ಭಾರ ಬಾಲಮೂಳೆಯ ಕಡೆ ಹೋಗುತ್ತದೆ. ಎದೆ ಉಬ್ಬಿಸಿ ಸೊಂಟ ಒಳಕ್ಕೆ ಬಾಗಿಸಿ: ತುದಿ ಹಿಂದಕ್ಕೆ ತಿರುಗಿ, ಭಾರ ತೊಡೆಸಂದಿಗೆ ಬರುತ್ತದೆ. ಇವೆರಡರ ನಡುವೆ ಮೂಳೆಗಳು ನೇರ ಕೆಳಕ್ಕೆ ಚುಚ್ಚುವ ಒಂದು ಜಾಗವಿದೆ. ನಾಲ್ಕಾರು ಸಲ ಹಿಂದೆ ಮುಂದೆ ಆಡಿಸಿ ಆ ಜಾಗ ಗುರುತು ಹಿಡಿಯಿರಿ. ಜೀನಿನ ಮೇಲೆ ಕೂತಾಗ ಹುಡುಕಬೇಕಾದದ್ದೂ ಅದನ್ನೇ.

ಸಿಕ್ಕಿತೋ ಇಲ್ಲವೋ ಎಂದು ತಿಳಿಯಲು ಪಕ್ಕದಿಂದ ಒಂದು ಫೋಟೊ ತೆಗೆಸಿ. ಕಿವಿ, ಭುಜ, ಸೊಂಟದ ಕೀಲು, ಹಿಮ್ಮಡಿ ನಾಲ್ಕೂ ಒಂದೇ ಲಂಬರೇಖೆಯಲ್ಲಿರಬೇಕು. ಕುದುರೆಯನ್ನು ಕೆಳಗಿನಿಂದ ಎಳೆದುಬಿಟ್ಟರೆ ನೀವು ಕಾಲ ಮೇಲೆ ನಿಲ್ಲುತ್ತೀರೋ, ಕುಂಡಿಯ ಮೇಲೆ ಬೀಳುತ್ತೀರೋ? ಹಿಮ್ಮಡಿ ಸೊಂಟಕ್ಕಿಂತ ಮುಂದಿದ್ದರೆ ಬೀಳುವುದೇ ಗ್ಯಾರಂಟಿ.

ಎಷ್ಟೋ ಸಲ ತಪ್ಪು ಸವಾರನದ್ದಾಗಿರುವುದಿಲ್ಲ, ಜೀನಿನದ್ದಾಗಿರುತ್ತದೆ. ಇದನ್ನು ನೋಡದೆ ತಿಂಗಳುಗಟ್ಟಲೆ ಬೆನ್ನು ನೆಟ್ಟಗೆ ಮಾಡಲು ಹೆಣಗುವವರಿದ್ದಾರೆ. ಜೀನನ್ನು ಹೆಗಲ ಮೂಳೆಯ ಮೇಲೆ ಹತ್ತಿಸಿ ಕಟ್ಟಿದರೆ ಅದರ ಮುಂಭಾಗ ಏಳುತ್ತದೆ, ಕೂತವರು ಹಿಂದಕ್ಕೆ ಜಾರುತ್ತಾರೆ. ಸ್ವಲ್ಪ ಮುಂದೆಯೇ ಇಟ್ಟು, ಕೂದಲಿನ ದಿಕ್ಕಿನಲ್ಲಿ ಹಿಂದಕ್ಕೆ ಸರಿಸುತ್ತ ಬನ್ನಿ. ಹೆಗಲ ಮೂಳೆಯ ಹಿಂದೆ ತಾನಾಗಿ ಒಂದು ಕಡೆ ನಿಲ್ಲುತ್ತದೆ. ಹೊಟ್ಟೆಯ ಕೆಳಗಿನ ಪಟ್ಟಿ ಬಿಗಿದ ಮೇಲೆ ಒಂದು ದುಂಡನೆಯ ಪೆನ್ಸಿಲನ್ನು ಸೀಟಿನಲ್ಲಿ ಅಡ್ಡಲಾಗಿ ಇಡಿ. ಅದು ಉರುಳಿ ನಿಲ್ಲುವ ತಗ್ಗು ಸೀಟಿನ ನಡುವೆ ಇರಬೇಕು. ಹಿಂಬದಿಗೆ ಹೋಗಿ ನಿಂತರೆ ಆ ಜೀನು ಯಾರನ್ನೇ ಆಗಲಿ ಕುರ್ಚಿಯಲ್ಲಿ ಕೂರಿಸಿದಂತೆ ಕೂರಿಸುತ್ತದೆ. ಕೂತಾಗ ನಿಮ್ಮ ಹಿಂದೆ ನಾಲ್ಕು ಬೆರಳಿನಷ್ಟು ಜಾಗ ಉಳಿಯಬೇಕು.

ಇನ್ನು ಸ್ಟಿರಪ್ಪಿನ, ಅಂದರೆ ಜೀನಿನಿಂದ ಪಟ್ಟಿಯಲ್ಲಿ ತೂಗುವ, ಪಾದ ಇಡುವ ಕಬ್ಬಿಣದ ಬಳೆಯ ಉದ್ದ. ಹತ್ತುವ ಮೊದಲು ಬೆರಳ ತುದಿಯನ್ನು ಪಟ್ಟಿಯ ಬಕಲ್ ಮೇಲಿಟ್ಟು, ತೋಳು ಚಾಚಿ, ಕಬ್ಬಿಣದ ತಳ ಕಂಕುಳಿಗೆ ಬರುವಂತೆ ಮಾಡಿಕೊಳ್ಳಿ. ಇದು ಅಂದಾಜು ಮಾತ್ರ. ಹತ್ತಿದ ಮೇಲೆ ಕಾಲುಗಳನ್ನು ಇಳಿಬಿಟ್ಟರೆ ಕಬ್ಬಿಣದ ತಳ ಕಣಕಾಲಿನ ಗಂಟಿಗೆ ತಾಗಬೇಕು. ಜಿಗಿತಕ್ಕಾದರೆ ಇದಕ್ಕಿಂತ ಎರಡು ಮೂರು ತೂತು ಗಿಡ್ಡ. ತೀರಾ ಉದ್ದವಾದರೆ ಕಾಲ ಬೆರಳಿಂದ ತಡಕಾಡಬೇಕು, ಹಿಮ್ಮಡಿ ಏಳುತ್ತದೆ. ತೀರಾ ಗಿಡ್ಡವಾದರೆ ಮಂಡಿ ಮೇಲೆ ಬಂದು ಸೊಂಟ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಪ್ರತಿ ಸಲ ಎಡಗಡೆಯಿಂದಲೇ ಹತ್ತುವುದರಿಂದ ಎಡ ಪಟ್ಟಿ ಬೇಗ ಹಿಗ್ಗುತ್ತದೆ. ಆಗಾಗ ಎಡ ಬಲ ಬದಲಿಸದಿದ್ದರೆ ನೀವು ಗೊತ್ತಿಲ್ಲದೆಯೇ ವಾಲಿ ಕೂರುತ್ತಿರುತ್ತೀರಿ.

ಮೊದಲ ಹತ್ತು ನಿಮಿಷ ಬರೀ ನಡಿಗೆ. ಕುದುರೆಯ ಹಿಂಗಾಲು ಮುಂದೆ ಬರುವಾಗ ಆ ಬದಿಯ ಬೆನ್ನು ಇಳಿಯುತ್ತದೆ, ಹೊಟ್ಟೆ ಎದುರು ಬದಿಗೆ ತೂಗುತ್ತದೆ. ನಿಮ್ಮ ಆ ಬದಿಯ ಸೀಟ್ ಬೋನ್ ಕೂಡ ಇಳಿಯಬೇಕು. ಕೆಳಗೆ ನೋಡದೆ ‘ಎಡ, ಬಲ’ ಎಂದು ಹೇಳುತ್ತ ಹೋಗಿ, ಕೆಳಗೆ ನಿಂತವರು ಹಿಂಗಾಲು ನೋಡಿ ಸರಿ ತಪ್ಪು ಹೇಳಲಿ. ನೀವಾಗಿ ಸೊಂಟ ಆಡಿಸಬೇಡಿ. ದೋಣಿ ಹುಟ್ಟು ಹಾಕುವವರಂತೆ ಸೊಂಟ ನೂಕಿದರೆ ಕುದುರೆ ಒಂದೋ ಓಡುತ್ತದೆ, ಇಲ್ಲ ಬೆನ್ನು ಬಿಗಿಹಿಡಿಯುತ್ತದೆ.

ಬಂಡವಾಳ ಬಯಲಾಗುವುದು ಟ್ರಾಟಿನಲ್ಲಿ, ಅಂದರೆ ನಡಿಗೆಗಿಂತ ಜೋರಾದ ಕುಲುಕು ಓಟದಲ್ಲಿ. ಬಡಿತಕ್ಕೆ ತಕ್ಕಂತೆ ಎದ್ದು ಕೂರುವ ರೈಸಿಂಗ್ ಟ್ರಾಟಿನಲ್ಲಿ ಹೆಚ್ಚಿನವರು ಸ್ಟಿರಪ್ ತುಳಿದು ನೇರ ಮೇಲಕ್ಕೆ ಏಳುತ್ತಾರೆ. ತುಳಿದ ಕೂಡಲೇ ಕಾಲು ಮುಂದೆ ಹೋಗುತ್ತದೆ, ಆಧಾರ ತಪ್ಪುತ್ತದೆ, ಧೊಪ್ಪನೆ ಕುದುರೆಯ ಬೆನ್ನಿನ ಮೇಲೆ ಬೀಳುತ್ತಾರೆ. ಏಳಬೇಕಾದದ್ದು ಮೇಲಕ್ಕಲ್ಲ, ಮುಂದಕ್ಕೆ: ಸೊಂಟ ಜೀನಿನ ಮುಂಭಾಗದ ಕಡೆ ಹೋಗಿ ಬಂದರೆ ಸಾಕು, ಜೀನಿನಿಂದ ಒಂದು ಅಂಗೈ ಎತ್ತರಕ್ಕಿಂತ ಹೆಚ್ಚು ಬೇಕಿಲ್ಲ. ಸುತ್ತುವಾಗ ಹೊರಬದಿಗಿರುವ ಮುಂಗಾಲು ಮುಂದೆ ಹೋಗುವಾಗ ಏಳಿ. ಕೆಟ್ಟ ಅಭ್ಯಾಸ ಬಿಡಿಸಲು ಒಂದು ಉಪಾಯವಿದೆ: ಒಂದು ಸಲ ಎದ್ದು ಒಂದು ಸಲ ಕೂರುವ ಬದಲು, ಎರಡು ಬಡಿತ ನಿಂತು ಒಂದು ಬಡಿತ ಕೂರಿ. ಕಾಲು ಸೊಂಟದ ಕೆಳಗಿಲ್ಲದೆ ಎರಡನೇ ಬಡಿತ ನಿಲ್ಲಲು ಆಗುವುದೇ ಇಲ್ಲ. ಆಧಾರಕ್ಕೆ ಲಗಾಮು ಹಿಡಿದು ಎಳೆಯಬೇಡಿ, ಕೇಸರವನ್ನು ಹಿಡಿಯಿರಿ.

ಏಳದೆ ಕೂತೇ ಇರುವ ಸಿಟ್ಟಿಂಗ್ ಟ್ರಾಟಿನಲ್ಲಿ ಮೊರದಲ್ಲಿನ ಕಾಳಿನ ಹಾಗೆ ಪುಟಿಯುತ್ತಿದ್ದರೆ ಮಂಡಿ ಬಿಗಿದಿದೆ, ಉಸಿರು ಕಟ್ಟಿದೆ ಎಂದರ್ಥ. ಬಿಗಿದ ಮಂಡಿ ನಿಮ್ಮನ್ನು ಜೀನಿನಿಂದ ಮೇಲಕ್ಕೆ ಎತ್ತುತ್ತದೆ. ವೇಗ ತಗ್ಗಿಸಿ, ಬಾಯಿಂದ ಉಸಿರು ಬಿಡುತ್ತ ಎಂಟು ಹತ್ತು ಹೆಜ್ಜೆ ಮಾತ್ರ ಕೂರಿ. ಪುಟಿಯುವ ಮೊದಲೇ ಮತ್ತೆ ರೈಸಿಂಗ್‌ಗೆ ಹೋಗಿ. ಚೆನ್ನಾಗಿ ಕೂತ ಹತ್ತು ಹೆಜ್ಜೆ, ಹಲ್ಲು ಕಚ್ಚಿ ಸುತ್ತಿದ ಮೂರು ಸುತ್ತಿಗಿಂತ ಹೆಚ್ಚು ಕಲಿಸುತ್ತದೆ.

ಸೀಟ್ ಗಟ್ಟಿಯಾಗಲು ಸ್ಟಿರಪ್ ಇಲ್ಲದ ಸವಾರಿಗೆ ಸಾಟಿಯಿಲ್ಲ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನಲ್ಲಿ ಹೊಸಬರನ್ನು ಮೊದಲು ಲುಂಜ್ ಲೈನಿಗೆ, ಅಂದರೆ ತರಬೇತುದಾರ ನಡುವೆ ನಿಂತು ಹಿಡಿದ ಉದ್ದನೆಯ ಹಗ್ಗಕ್ಕೆ ಕಟ್ಟಿದ ಕುದುರೆಯ ಮೇಲೆ, ಸ್ಟಿರಪ್ಪೂ ಲಗಾಮೂ ಇಲ್ಲದೆ ಕೂರಿಸುತ್ತಾರೆ. ಮೈಸೂರು ದಸರೆಯ ಪಂಜಿನ ಕವಾಯತಿನಲ್ಲಿ ಟೆಂಟ್ ಪೆಗ್ಗಿಂಗ್ (ನೆಲಕ್ಕೆ ನೆಟ್ಟ ಗೂಟವನ್ನು ಕುದುರೆಯ ಮೇಲಿಂದ ಈಟಿಯಲ್ಲಿ ಚುಚ್ಚಿ ಎತ್ತುವ ಆಟ) ನೋಡಿದವರಿಗೆ ಇದರ ಬೆಲೆ ಗೊತ್ತು. ಒಂದು ಕೈಯಲ್ಲಿ ಈಟಿ ಹಿಡಿದು ಓಡುವ ಕುದುರೆಯಿಂದ ನೆಲಕ್ಕೆ ಬಾಗುವವನಿಗೆ ಲಗಾಮನ್ನು ನೆಚ್ಚಿ ಕೂರುವ ಅನುಕೂಲವಿಲ್ಲ. ನೀವು ತರಬೇತುದಾರರಿದ್ದಾಗ, ಶಾಂತ ಸ್ವಭಾವದ ಕುದುರೆಯ ಮೇಲೆ ಮಾತ್ರ ಮಾಡಿ. ಬಕಲ್‌ಗಳನ್ನು ಸ್ವಲ್ಪ ಕೆಳಗೆ ಎಳೆದುಕೊಳ್ಳಿ, ಇಲ್ಲದಿದ್ದರೆ ತೊಡೆಗೆ ಒತ್ತುತ್ತದೆ. ಮೊದಲು ಬಲ, ಆಮೇಲೆ ಎಡ ಪಟ್ಟಿಯನ್ನು ಕುದುರೆಯ ಹೆಗಲ ಮೇಲೆ ಅಡ್ಡ ಹಾಕಿ. ಐದು ನಿಮಿಷ ನಡಿಗೆ, ಒಂದೆರಡು ನಿಮಿಷ ಟ್ರಾಟ್. ದಣಿದ ತೊಡೆ ಕುದುರೆಯನ್ನು ಅವುಚಿಕೊಳ್ಳುತ್ತದೆ, ಅಲ್ಲಿಂದ ಮುಂದೆ ನೀವು ಅಭ್ಯಾಸ ಮಾಡುವುದು ತಪ್ಪನ್ನೇ.

ಕೈಯ ವಿಷಯ ಚಿಕ್ಕದು: ಹೆಬ್ಬೆರಳು ಮೇಲೆ, ಮೊಣಕೈಯಿಂದ ಕುದುರೆಯ ಬಾಯಿಯವರೆಗೆ ಒಂದೇ ಗೆರೆ. ನೋಟ ಕುದುರೆಯ ಕಿವಿಗಳ ನಡುವಿನಿಂದ ಆಚೆಗೆ.

ಪಕ್ಕದ ಫೋಟೊದಲ್ಲಿ ಕಾಣದ ದೋಷವೊಂದಿದೆ. ಹಿಂದಿನಿಂದ ವಿಡಿಯೊ ಮಾಡಿಸಿ, ನಿಮ್ಮ ಬೆನ್ನುಮೂಳೆ ಜೀನಿನ ನಡುಗೆರೆಯ ಮೇಲಿದೆಯೇ ನೋಡಿ. ವೃತ್ತದಲ್ಲಿ ತಿರುಗುವಾಗ ಹಲವರು ಒಳಬದಿಯ ಪಕ್ಕೆ ಮಡಿಸಿ, ಕುಂಡಿಯನ್ನು ಹೊರಗೆ ಜಾರಿಸುತ್ತಾರೆ. ಭುಜ ಎತ್ತಿ ಸರಿಮಾಡಲು ಹೋಗಬೇಡಿ. ಒಳಬದಿಯ ತೋಳನ್ನು ನೇರ ಮೇಲಕ್ಕೆ ಚಾಚಿ ಅರ್ಧ ವೃತ್ತ ನಡೆಸಿ, ಪಕ್ಕೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಬೆಂಗಳೂರಿನಂಥ ಊರಿನಲ್ಲಿ ವಾರಾಂತ್ಯಕ್ಕೆ ಸವಾರಿ ಮಾಡುವವರಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರೇ ಬಹಳ. ಕೂತೂ ಕೂತೂ ತೊಡೆಯ ಮುಂಭಾಗದ ಸ್ನಾಯು ಬಿಗಿದಿರುತ್ತದೆ, ಎಷ್ಟೇ ಹೇಳಿದರೂ ಕಾಲು ಸೊಂಟದ ಕೆಳಗೆ ಇಳಿಯುವುದಿಲ್ಲ. ಒಂದು ಮಂಡಿ ನೆಲಕ್ಕೂರಿ, ಇನ್ನೊಂದು ಪಾದ ಮುಂದಿಟ್ಟು, ಕುಂಡಿ ಬಿಗಿದು ಸೊಂಟವನ್ನು ನಿಧಾನವಾಗಿ ಮುಂದೆ ತನ್ನಿ. ಊರಿದ ಕಾಲಿನ ತೊಡೆಸಂದಿಯಲ್ಲಿ ಎಳೆತ ತಿಳಿಯಬೇಕು, ಬೆನ್ನಿನಲ್ಲಲ್ಲ. ಪ್ರತಿ ಬದಿಗೆ 30 ಸೆಕೆಂಡು, ಎರಡು ಮೂರು ಸಲ. ಮನೆಯಲ್ಲಿ ದಿನಾ ಮಾಡಲಾಗದಿದ್ದರೆ, ಲಾಯದ ಹತ್ತಿರ ಕಾರಿಂದ ಇಳಿದವರು ಹೆಲ್ಮೆಟ್ ಹಾಕಿಕೊಳ್ಳುವ ಮೊದಲಾದರೂ ಮಾಡಿ ಹತ್ತಿ.